ಗೇಟು ಮುಚ್ಚಿದ ಬೀದಿ ಯಾರಿಗೆ?

ಮಕ್ಕಳೇ, ನೀವೆಲ್ಲರೂ ರೈಲ್ವೆ ಗೇಟನ್ನು ನೋಡಿರುತ್ತೀರಿ. ಬೆಂಗಳೂರಿನಿಂದ ಸೇಲಂ ಕಡೆಗೆ ಹೋಗುವ ರೈಲು ಮಾರ್ಗವು ನಮ್ಮ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಕೆಲಮಂಗಲ, ರಾಯಕೋಟೆಗಳನ್ನು ಹಾದು ಧರ್ಮಪುರಿಗೆ ಹೋಗುತ್ತದೆ. ರೈಲು ಬರುವ ಹೊತ್ತಿಗೆ ಗೇಟಿನ ಉದ್ದನೆಯ ಕಂಬ ನಿಧಾನವಾಗಿ ಕೆಳಗಿಳಿಯುತ್ತದೆ. ಎರಡೂ ಕಡೆ ಬಸ್ಸು, ಲಾರಿ, ಆಟೋ, ಬೈಕುಗಳು ಸಾಲುಗಟ್ಟಿ ನಿಲ್ಲುತ್ತವೆ. ರೈಲು ಹೋದ ಮೇಲೆ ಕಂಬ ಮೇಲೇಳುತ್ತದೆ. ಆಗ ಎಲ್ಲರಿಗೂ ಒಂದೇ ಸಲ ಮುಂದೆ ಹೋಗುವ ಆತುರ. ಹಾರನ್ನುಗಳ ಸದ್ದಿನಲ್ಲಿ ಪಕ್ಕದವರ ಮಾತು ಕೂಡ ಕೇಳಿಸುವುದಿಲ್ಲ.

ಈ ಗದ್ದಲದಲ್ಲಿ ಇನ್ನೂ ಕೆಲವರು ಇರುತ್ತಾರೆ. ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿ, ಮಗುವನ್ನು ಎತ್ತಿಕೊಂಡ ತಾಯಿ, ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೊರಟ ನಿಮ್ಮಂತಹ ಮಕ್ಕಳು. ಇವರೆಲ್ಲರೂ ವಾಹನಗಳ ಸಂದಿಯಲ್ಲಿ ನುಸುಳಿಕೊಂಡು ಹೋಗಬೇಕು. ಇವರ ಬಗ್ಗೆ ಯೋಚಿಸುವವರು ಯಾರು? ಈ ಪಾಠದಲ್ಲಿ ನಾವು ಅದನ್ನೇ ಕುರಿತು ಮಾತಾಡೋಣ.

ರಸ್ತೆ ಮತ್ತು ರೈಲು ಹಳಿ ಒಂದನ್ನೊಂದು ಅಡ್ಡ ಹಾಯುವ ಜಾಗ ಯಾವಾಗಲೂ ಅಪಾಯದ್ದೇ. ಬೈಕು ಬ್ರೇಕು ಹಾಕಿದರೆ ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ. ರೈಲು ಹಾಗಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಬ್ರೇಕು ಹಾಕಿದ ಮೇಲೂ ಪೂರ್ತಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ದೂರ ಬೇಕಾಗುತ್ತದೆ. ಚಾಲಕನಿಗೆ ಹಳಿಯ ಮೇಲೆ ಇರುವವರು ಕಂಡರೂ ಆತ ಥಟ್ಟನೆ ರೈಲನ್ನು ನಿಲ್ಲಿಸಲಾರ. ರೈಲು ಪಕ್ಕಕ್ಕೆ ತಿರುಗಲೂ ಆಗದು.

ಹಿಂದೆ ಕಾವಲುಗಾರರೇ ಇಲ್ಲದ ದಾಟುದಾರಿಗಳು ನಮ್ಮ ದೇಶದಲ್ಲಿ ಸಾವಿರಾರು ಇದ್ದವು. ಅಲ್ಲಿ ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂತಹ ದಾಟುದಾರಿಗಳನ್ನು 2019ರ ಜನವರಿ ಹೊತ್ತಿಗೆ ಇಲ್ಲವಾಗಿಸಲಾಯಿತು. ಕೆಲವು ಕಡೆ ಕಾವಲುಗಾರರನ್ನು ನೇಮಿಸಿದರು, ಕೆಲವು ಕಡೆ ಕೆಳಸೇತುವೆ ಕಟ್ಟಿದರು, ಕೆಲವನ್ನು ಮುಚ್ಚಿಬಿಟ್ಟರು. ಆದರೆ ಗೇಟು ಇದ್ದ ಮಾತ್ರಕ್ಕೆ ಅಪಾಯ ಪೂರ್ತಿ ಹೋಗುವುದಿಲ್ಲ. 2025ರ ಜುಲೈ 8ರಂದು ನಮ್ಮ ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪಂ ಎಂಬಲ್ಲಿ ಶಾಲಾ ವಾಹನವೊಂದಕ್ಕೆ ರೈಲು ಡಿಕ್ಕಿ ಹೊಡೆಯಿತು. ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಅಲ್ಲಿ ಗೇಟೂ ಇತ್ತು, ಗೇಟು ಕಾಯುವವರೂ ಇದ್ದರು.

ಆದ್ದರಿಂದ ವಾಹನಗಳು ಹೆಚ್ಚಾಗಿರುವ ಊರುಗಳಲ್ಲಿ ರೈಲ್ವೆ ಗೇಟನ್ನು ತೆಗೆದು, ಹಳಿಯ ಮೇಲೆ ಅಥವಾ ಕೆಳಗೆ ಸೇತುವೆ ಕಟ್ಟುವುದು ಒಳ್ಳೆಯ ಕೆಲಸ. ಅದರಲ್ಲಿ ಎರಡು ಮಾತಿಲ್ಲ. ಬೈಯಪ್ಪನಹಳ್ಳಿಯಿಂದ ಹೊಸೂರಿನವರೆಗೆ ಜೋಡಿ ಹಳಿ ಹಾಕುವ ಕೆಲಸವನ್ನು ಕೈಗೊಳ್ಳಲಾಗಿದೆ. ಹಳಿಗಳು ಹೆಚ್ಚಿದರೆ ರೈಲುಗಳೂ ಹೆಚ್ಚುತ್ತವೆ. ರೈಲುಗಳು ಹೆಚ್ಚಿದಷ್ಟೂ ಗೇಟು ಮುಚ್ಚಿರುವ ಹೊತ್ತು ಹೆಚ್ಚುತ್ತದೆ. ಮುಂದಿನ ದಿನಗಳಲ್ಲಿ ಗೇಟುಗಳ ಬದಲು ಸೇತುವೆಗಳೇ ಬೇಕಾಗುತ್ತವೆ.

ಈಗ ಒಂದು ಸಣ್ಣ ಲೆಕ್ಕ ನೋಡೋಣ. ಯಾವ ಗೇಟಿನ ಬಳಿ ಸೇತುವೆ ಕಟ್ಟಬೇಕೆಂದು ತೀರ್ಮಾನಿಸಲು ರೈಲ್ವೆ ಇಲಾಖೆಯವರು ಒಂದು ಗುಣಾಕಾರ ಮಾಡುತ್ತಾರೆ. ದಿನಕ್ಕೆ ಎಷ್ಟು ರೈಲುಗಳು ಹೋಗುತ್ತವೆ ಎಂಬುದನ್ನು ಎಷ್ಟು ವಾಹನಗಳು ದಾಟುತ್ತವೆ ಎಂಬುದರಿಂದ ಗುಣಿಸುತ್ತಾರೆ. ಕಾರು, ಬಸ್ಸು, ಲಾರಿ, ಎತ್ತಿನಗಾಡಿ ಇವು ಒಂದೊಂದಕ್ಕೂ 1 ಅಂಕ. ಆಟೋರಿಕ್ಷಾಕ್ಕೆ ಅರ್ಧ ಅಂಕ. ಬೈಕು, ಸ್ಕೂಟರುಗಳಿಗೆ ಕಾಲು ಅಂಕ. ಒಂದು ಗೇಟಿನಲ್ಲಿ ದಿನಕ್ಕೆ 40 ರೈಲುಗಳು ಹೋಗುತ್ತವೆ, ವಾಹನಗಳ ಅಂಕ 2,500 ಬರುತ್ತದೆ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ 1,00,000 ಆಗುತ್ತದೆ. ಗುಣಲಬ್ಧ ಒಂದು ಲಕ್ಷ ಮುಟ್ಟಿದರೆ ಅಲ್ಲಿ ಮೇಲುಸೇತುವೆ ಬೇಕೆಂದು ಪರಿಗಣಿಸುತ್ತಾರೆ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿರಿ. ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಕಂಡುಹಿಡಿದಿರಾ? ಹೌದು, ನಡೆದು ಹೋಗುವವರು ಬಿಟ್ಟುಹೋಗಿದ್ದಾರೆ! ಸೊಪ್ಪಿನ ಅಜ್ಜಿಗೆ ಅಂಕವಿಲ್ಲ. ಶಾಲೆಗೆ ಹೋಗುವ ನಿಮಗೂ ಅಂಕವಿಲ್ಲ. ಸೇತುವೆ ವಾಹನಗಳಿಗಾಗಿ ಇರುವುದರಿಂದ ವಾಹನಗಳನ್ನು ಎಣಿಸುತ್ತಾರೆ. ಆ ಮಟ್ಟಿಗೆ ಅದು ಸರಿಯೇ. ಆದರೆ ಸೇತುವೆ ಬಂದ ಮೇಲೆ ಗೇಟು ಮುಚ್ಚಿದಾಗ ದಾರಿ ಕಳೆದುಕೊಳ್ಳುವವರು ನಡೆಯುವವರೇ. ವಾಹನದಲ್ಲಿ ಇರುವವರು ಸೇತುವೆ ಏರಿ ಒಂದೆರಡು ನಿಮಿಷದಲ್ಲಿ ಆಚೆ ಇಳಿಯುತ್ತಾರೆ. ಅಜ್ಜಿಯು ಬುಟ್ಟಿ ಹೊತ್ತು ಆ ಉದ್ದನೆಯ ಸೇತುವೆಯನ್ನು ಬಿಸಿಲಿನಲ್ಲಿ ಏರಿ ಇಳಿಯಬೇಕು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನೀವು ಕೇಳಿದ್ದೀರಲ್ಲವೇ?

ಹತ್ತಿರದ ದಾರಿ ಇಲ್ಲದಿದ್ದರೆ ಜನ ಏನು ಮಾಡುತ್ತಾರೆ? ಬೇಲಿಯ ಸಂದಿಯಲ್ಲಿ ತೂರಿ ಹಳಿಯನ್ನೇ ದಾಟುತ್ತಾರೆ. 1989ರ ರೈಲ್ವೆ ಕಾಯಿದೆಯ ಪ್ರಕಾರ ಅದು ಅಪರಾಧ. ಅಪರಾಧಕ್ಕಿಂತ ಹೆಚ್ಚಾಗಿ ಅದು ಪ್ರಾಣಕ್ಕೆ ಅಪಾಯ. ಹಾಗೆ ದಾಟುವವರನ್ನು ಬೈದರೆ ಸಾಲದು. ಅವರಿಗೆ ಒಂದು ಒಳ್ಳೆಯ ದಾರಿಯನ್ನೂ ಕೊಡಬೇಕು. ಗೇಟನ್ನು ಮುಚ್ಚುವ ದಿನವೇ ಅದೇ ಜಾಗದಲ್ಲಿ ನಡೆಯುವವರಿಗಾಗಿ ಸುರಂಗದಾರಿ ಸಿದ್ಧವಾಗಿರಬೇಕು. ಅದರಲ್ಲಿ ದೀಪ ಇರಬೇಕು. ಮಳೆನೀರು ನಿಲ್ಲಬಾರದು. ಮೆಟ್ಟಿಲುಗಳ ಜೊತೆಗೆ ಗಾಲಿಕುರ್ಚಿಯೂ ಸೈಕಲ್ಲೂ ಹೋಗುವಂತಹ ಇಳಿಜಾರು ಇರಬೇಕು. ಇದು ನನ್ನ ಮೊದಲನೆಯ ಮಾತು.

ಎರಡನೆಯ ಮಾತು ಆ ಬೀದಿಯದು. ಗೇಟು ಮುಚ್ಚಿದ ಮೇಲೆ ಹಳಿಯ ಎರಡೂ ಬದಿಗೆ ಒಂದೊಂದು ತುಂಡು ಬೀದಿ ಉಳಿಯುತ್ತದೆ. ಮುಂದೆ ದಾರಿ ಇಲ್ಲದ್ದರಿಂದ ಅಲ್ಲಿ ವಾಹನಗಳಿಗೆ ಕೆಲಸವಿಲ್ಲ. ಯಾರೂ ಗಮನಿಸದಿದ್ದರೆ ಅದು ಏನಾಗುತ್ತದೆ? ಮೊದಲು ಒಂದು ಲಾರಿ ಬಂದು ನಿಲ್ಲುತ್ತದೆ. ಮರುದಿನ ಅಲ್ಲಿ ಯಾರೋ ಕಸದ ಚೀಲ ಎಸೆಯುತ್ತಾರೆ. ಕಸ ಇದ್ದಲ್ಲಿಗೆ ಇನ್ನಷ್ಟು ಕಸ ಬರುತ್ತದೆ. ದೀಪ ಕೆಟ್ಟರೆ ಸರಿಮಾಡುವವರಿಲ್ಲ. ಕತ್ತಲಾದ ಮೇಲೆ ಹೆಂಗಸರು, ಮಕ್ಕಳು ಅತ್ತ ಕಾಲಿಡಲು ಹೆದರುತ್ತಾರೆ. ನಿನ್ನೆಯವರೆಗೆ ಊರಿನ ಮುಖ್ಯ ಬೀದಿಯಾಗಿದ್ದದ್ದು ಹಾಳು ಜಾಗವಾಗುತ್ತದೆ.

ಹಾಗೆ ಆಗಬೇಕಾಗಿಲ್ಲ. ಆ ತುಂಡು ಬೀದಿಯನ್ನು ಜನರಿಗೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಗಳು ಇವೆ. ಅಲ್ಲಿ ಹಿರಿಯರು ಕುಳಿತು ಮಾತಾಡುತ್ತಾರೆ. ಮಕ್ಕಳು ಆಡುತ್ತಾರೆ. ದಾರಿಹೋಕರು ದಣಿವಾರಿಸಿಕೊಳ್ಳುತ್ತಾರೆ. ಅಲ್ಲಿ ಕುಳಿತುಕೊಳ್ಳಲು ಯಾರೂ ಹಣ ಕೊಡಬೇಕಾಗಿಲ್ಲ. ಊರು ಬೆಳೆದು ಪೇಟೆಯಾದಾಗ ಅಂತಹ ಜಾಗಗಳು ಒಂದೊಂದಾಗಿ ಕಾಣೆಯಾಗುತ್ತವೆ. ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. ಕಾರ್ಖಾನೆಗಳು ಬಂದವು. ಮನೆಗಳು ಹೆಚ್ಚಿದವು. ಆದರೆ ಪೇಟೆಯ ನಡುವೆ ಹೊಸದಾಗಿ ಒಂದು ಮೈದಾನ ಮಾಡಲು ಖಾಲಿ ನೆಲ ಎಲ್ಲಿ ಸಿಗುತ್ತದೆ? ಗೇಟು ಮುಚ್ಚಿದ ಬೀದಿಯೋ ಆಗಲೇ ಸರಕಾರದ ಕೈಯಲ್ಲಿರುವ ನೆಲ. ಅಲ್ಲಿ ಹೊಂಗೆ, ಬೇವಿನ ಗಿಡಗಳನ್ನು ನೆಡಬಹುದು. ಕಲ್ಲಿನ ಬೆಂಚುಗಳನ್ನು ಹಾಕಬಹುದು. ಕುಡಿಯುವ ನೀರಿನ ನಲ್ಲಿ ಇಡಬಹುದು. ಹಳಿಯ ಕಡೆಗೆ ಗಟ್ಟಿಯಾದ ಗೋಡೆ ಕಟ್ಟಿದರೆ ಮಕ್ಕಳು ಭಯವಿಲ್ಲದೆ ಆಡಬಹುದು.

ವಾಹನಗಳಿಗೆ ಬೀದಿಯನ್ನು ಮುಚ್ಚುವುದು ವಿಚಿತ್ರವೆಂದು ನಿಮಗೆ ತೋರಬಹುದು. ಆದರೆ ಅದು ನಮಗೆ ಹೊಸದಲ್ಲ. ಹೊಸೂರಿನ ಬೆಟ್ಟದ ಮೇಲಿರುವ ಚಂದ್ರಚೂಡೇಶ್ವರ ಸ್ವಾಮಿಯ ತೇರನ್ನು ತೇರುಪೇಟೆಯಲ್ಲಿ ಎಳೆಯುವುದನ್ನು ನೀವು ನೋಡಿರಬಹುದು. ಆ ದಿನ ತೇರಿನ ಬೀದಿಯಲ್ಲಿ ವಾಹನಗಳಿಗೆ ಜಾಗವೆಲ್ಲಿ? ಬೀದಿಯ ತುಂಬ ಜನವೇ ಜನ. ಕನ್ನಡ, ತಮಿಳು, ತೆಲುಗು ಮಾತಾಡುವವರೆಲ್ಲರೂ ಒಂದೇ ಹಗ್ಗಕ್ಕೆ ಕೈ ಹಾಕುತ್ತಾರೆ. ಬೀದಿ ಎಂದರೆ ಬರೀ ಹಾದುಹೋಗುವ ಜಾಗವಲ್ಲ, ಸೇರುವ ಜಾಗವೂ ಹೌದು ಎಂದು ನಮ್ಮ ಹಿರಿಯರಿಗೆ ತಿಳಿದಿತ್ತು.

ಈಗಿನ ಕಾಲದಲ್ಲೂ ಕೆಲವು ಊರುಗಳು ಹೀಗೆ ಮಾಡಿ ನೋಡಿವೆ. ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಚರ್ಚ್ ಸ್ಟ್ರೀಟ್ ಎಂಬ ಬೀದಿ ಇದೆ. ಅಲ್ಲಿ ಪುಸ್ತಕದ ಅಂಗಡಿಗಳೂ ತಿಂಡಿಯ ಅಂಗಡಿಗಳೂ ಬಹಳ. 2020ರ ನವೆಂಬರ್ ತಿಂಗಳಿನಿಂದ 2021ರ ಫೆಬ್ರವರಿಯವರೆಗೆ ಶನಿವಾರ, ಭಾನುವಾರಗಳಲ್ಲಿ ಆ ಬೀದಿಗೆ ವಾಹನಗಳನ್ನು ಬಿಡಲಿಲ್ಲ. ಜನ ಬೀದಿಯ ನಡುವೆಯೇ ನಿಶ್ಚಿಂತೆಯಿಂದ ನಡೆದರು. ಗಾಳಿ ಎಷ್ಟು ಶುದ್ಧವಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದರು. ಪ್ರಯೋಗ ಮುಗಿದ ಮೇಲೆ ವಾಹನಗಳು ಮತ್ತೆ ಬಂದವು. ಇದರಿಂದ ನಾವು ಕಲಿಯಬೇಕಾದ ಪಾಠವಿದೆ. ಒಳ್ಳೆಯದನ್ನು ಆರಂಭಿಸಿದರೆ ಸಾಲದು, ಉಳಿಸಿಕೊಳ್ಳಲೂ ಬೇಕು.

ನಮ್ಮ ರಾಜಧಾನಿಯಾದ ಚೆನ್ನೈಯಲ್ಲಿ ಪಾಂಡಿ ಬಜಾರ್ ಎಂಬ ದೊಡ್ಡ ಪೇಟೆ ಬೀದಿ ಇದೆ. 2019ರಲ್ಲಿ ಅಲ್ಲಿ ಕಾಲುದಾರಿಯನ್ನು ಅಗಲ ಮಾಡಿ, ವಾಹನಗಳ ದಾರಿಯನ್ನು ಕಿರಿದು ಮಾಡಿದರು. ಬೆಂಚುಗಳನ್ನು ಹಾಕಿದರು. ಅಲ್ಲಿ ವಾಹನಗಳು ಈಗಲೂ ಓಡಾಡುತ್ತವೆ. ಆದರೆ ನಡೆಯುವವರಿಗೆ ತಮ್ಮ ಪಾಲು ಸಿಕ್ಕಿದೆ.

ಕೇರಳದ ಕೋಳಿಕ್ಕೋಡಿನಲ್ಲಿ ಮಿಠಾಯಿ ತೆರುವು ಎಂಬ ಹಳೆಯ ವ್ಯಾಪಾರದ ಬೀದಿ ಇದೆ. ಹಲ್ವಕ್ಕೆ ಅದು ಬಹಳ ಹೆಸರುವಾಸಿ. 2017ರ ಡಿಸೆಂಬರಿನಲ್ಲಿ ಆ ಬೀದಿಗೆ ಹೊಸ ರೂಪ ಕೊಟ್ಟು, ಹಗಲಿನಲ್ಲಿ ವಾಹನಗಳು ಬಾರದಂತೆ ಮಾಡಿದರು. ಅಲ್ಲಿನ ಅಂಗಡಿಯವರು ಇದನ್ನು ಸುಮ್ಮನೆ ಒಪ್ಪಲಿಲ್ಲ. ವಾಹನ ಬಾರದಿದ್ದರೆ ಗಿರಾಕಿಗಳು ಹೇಗೆ ಬರುತ್ತಾರೆ ಎಂದು ವಿರೋಧಿಸಿದರು.

ಬೇರೆ ದೇಶದ ಒಂದು ಕಥೆಯನ್ನೂ ಕೇಳಿರಿ. ಇದು ನಿಜವಾಗಿ ನಡೆದದ್ದು. ಬ್ರೆಜಿಲ್ ದೇಶದಲ್ಲಿ ಕುರಿಚಿಬಾ ಎಂಬ ನಗರವಿದೆ. 1972ರಲ್ಲಿ ಜೈಮಿ ಲರ್ನರ್ ಎಂಬವರು ಅಲ್ಲಿ ಮೇಯರ್ ಆಗಿದ್ದರು. ನಗರದ ನಡುವಿನ ಮುಖ್ಯ ಬೀದಿಯಲ್ಲಿ ವಾಹನಗಳನ್ನು ನಿಲ್ಲಿಸಿ, ಅದನ್ನು ನಡೆಯುವವರಿಗೆ ಬಿಡಬೇಕೆಂದು ಅವರು ನಿರ್ಧರಿಸಿದರು. ಅಂಗಡಿಯವರು ಒಪ್ಪಲಿಲ್ಲ. ಆಗ ಮೇಯರರು ವಾರದ ಕೊನೆಯಲ್ಲಿ ಕೆಲಸ ಆರಂಭಿಸಿ, ಕೇವಲ ಮೂರು ದಿನಗಳಲ್ಲಿ ಬೀದಿಗೆ ಹೊಸ ನೆಲ ಹಾಸಿಸಿದರು. ಹೂಗಿಡಗಳನ್ನು ಇರಿಸಿದರು. ಕಾರು ಇದ್ದವರಿಗೆ ಕೋಪ ಬಂತು. ತಮ್ಮ ಕಾರುಗಳನ್ನು ಆ ಬೀದಿಗೆ ನುಗ್ಗಿಸುತ್ತೇವೆ ಎಂದು ಹೊರಟರು. ಅಲ್ಲಿ ಅವರಿಗೆ ಕಂಡದ್ದೇನು? ಬೀದಿಯ ಉದ್ದಕ್ಕೂ ಕಾಗದ ಹಾಸಿತ್ತು. ನೂರಾರು ಮಕ್ಕಳು ಕುಳಿತು ಚಿತ್ರ ಬರೆಯುತ್ತಿದ್ದರು! ಮಕ್ಕಳ ಮೇಲೆ ಕಾರು ಹಾಯಿಸುವವರು ಯಾರಿದ್ದಾರೆ? ಅವರು ಹಿಂದಿರುಗಿದರು. ಕೆಲವು ದಿನಗಳಲ್ಲೇ ಅಂಗಡಿಯವರು ತಮ್ಮ ಮನಸ್ಸು ಬದಲಿಸಿದರು. ನಡೆದು ಬರುವವರು ನಿಂತು ನೋಡುತ್ತಾರೆ, ಕೊಳ್ಳುತ್ತಾರೆ ಎಂದು ಅವರಿಗೆ ತಿಳಿಯಿತು. ಆ ಬೀದಿ ಇಂದಿಗೂ ನಡೆಯುವವರದೇ.

ಈ ಕಥೆ ಸೊಗಸಾಗಿದೆ. ಆದರೆ ಮೂರು ದಿನದಲ್ಲಿ, ಯಾರನ್ನೂ ಕೇಳದೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಬೀದಿಯನ್ನು ನಂಬಿ ಬದುಕುವವರನ್ನು ಮೊದಲು ಕೇಳಬೇಕು. ಅವರಲ್ಲಿ ಮೂರು ಬಗೆಯವರ ಚಿಂತೆಯನ್ನು ನೋಡೋಣ.

ಮೊದಲನೆಯವರು ಅಂಗಡಿಯವರು. ಗೇಟಿನ ಬಳಿ ವಾಹನಗಳು ನಿಲ್ಲುತ್ತಿದ್ದುದರಿಂದಲೇ ಟೀ ಅಂಗಡಿ, ಹಣ್ಣಿನ ಅಂಗಡಿಗಳಿಗೆ ವ್ಯಾಪಾರ ಆಗುತ್ತಿತ್ತು. ಗೇಟು ಮುಚ್ಚಿ ಬೀದಿ ಪಾಳು ಬಿದ್ದರೆ ಅವರಿಗೆ ನಷ್ಟವೇ. ಆದರೆ ಅದೇ ಬೀದಿಗೆ ನೆರಳು, ಬೆಳಕು, ಕುಳಿತುಕೊಳ್ಳುವ ಜಾಗ ಬಂದರೆ ಸಂಜೆಯ ಹೊತ್ತು ಜನ ಸೇರುತ್ತಾರೆ. ಜನ ಸೇರಿದಲ್ಲಿ ವ್ಯಾಪಾರವೂ ಆಗುತ್ತದೆ. ಅಂಗಡಿಗೆ ಸರಕು ತರುವ ವಾಹನಗಳಿಗೆ ಬೆಳಗಿನ ಜಾವ ಅವಕಾಶ ಕೊಡಬಹುದು.

ಎರಡನೆಯವರು ತಳ್ಳುಗಾಡಿಯವರು. ಬೀದಿಯನ್ನು ಚೆಂದ ಮಾಡುತ್ತೇವೆಂದು ಕಡಲೆಕಾಯಿ ಮಾರುವವರನ್ನೂ ಹೂ ಕಟ್ಟುವವರನ್ನೂ ಓಡಿಸಬಾರದು. ಅವರಿಲ್ಲದ ಪೇಟೆ ಬೀದಿ ಪೇಟೆ ಬೀದಿಯೇ ಅಲ್ಲ. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡಲು 2014ರಲ್ಲಿ ನಮ್ಮ ದೇಶದಲ್ಲಿ ಕಾಯಿದೆ ಬಂದಿದೆ. ಅದರ ಪ್ರಕಾರ ಊರೂರಿಗೂ ಒಂದು ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು. ಯಾರು ಎಲ್ಲಿ ಗಾಡಿ ನಿಲ್ಲಿಸಬೇಕೆಂದು ಅವರೊಡನೆ ಕುಳಿತು ತೀರ್ಮಾನಿಸಬೇಕು.

ಮೂರನೆಯವರು ಆ ಬೀದಿಯಲ್ಲಿ ಮನೆ ಇರುವವರು. ರಾತ್ರಿ ಯಾರಿಗಾದರೂ ಕಾಯಿಲೆಯಾದರೆ ಆಂಬುಲೆನ್ಸ್ ಹೇಗೆ ಬರುತ್ತದೆ? ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಹೇಗೆ ಬರುತ್ತದೆ? ಇದು ನ್ಯಾಯವಾದ ಪ್ರಶ್ನೆ. ಬೀದಿಯ ನಡುವೆ ಒಂದು ವಾಹನ ಹೋಗುವಷ್ಟು ಅಗಲವನ್ನು ಯಾವಾಗಲೂ ಖಾಲಿ ಬಿಡಬೇಕು. ಬಾಯಲ್ಲಿ ನೆಟ್ಟ ಕಂಬಗಳು ಬೇಕಾದಾಗ ತೆಗೆಯುವಂತೆ ಇರಬೇಕು. ಗದ್ದಲವಿಲ್ಲದ ಬೀದಿಗೆ ಆಂಬುಲೆನ್ಸ್ ಬೇಗ ಬರುತ್ತದೆ ಎಂಬುದನ್ನೂ ಮರೆಯಬಾರದು. ವಾಹನಗಳು ಸಾಲುಗಟ್ಟಿ ನಿಂತ ಗೇಟಿನ ಮುಂದೆ ಅದು ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ನೀವೇ ಕಂಡಿರಬಹುದು.

ಎಲ್ಲ ಬೀದಿಗಳನ್ನೂ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ವಾಹನಗಳಿಗೆ ಬೇರೆ ದಾರಿ ಇಲ್ಲದ ಕಡೆ ಮುಚ್ಚಿದರೆ ಒಂದು ಬೀದಿಯ ತೊಂದರೆಯನ್ನು ಪಕ್ಕದ ಬೀದಿಗೆ ದಾಟಿಸಿದಂತೆ ಆಗುತ್ತದೆ. ಮೊದಲು ಸೇತುವೆ ಆಗಬೇಕು. ಅದರ ಜೊತೆಗೇ ನಡೆಯುವವರ ದಾರಿ ಆಗಬೇಕು. ಆಮೇಲೆ ಗೇಟು ಮುಚ್ಚಬೇಕು. ಮುಚ್ಚಿದ ಬೀದಿಯನ್ನು ಕೆಲವು ಭಾನುವಾರ ಜನರಿಗೆ ಬಿಟ್ಟು ನೋಡಬೇಕು. ತಪ್ಪುಗಳು ಕಂಡರೆ ತಿದ್ದಿಕೊಂಡು, ನಂತರ ಶಾಶ್ವತವಾಗಿ ಮಾಡಬೇಕು. ಈ ಕ್ರಮ ತಪ್ಪಿದರೆ ಒಳ್ಳೆಯ ಕೆಲಸವೂ ಕೆಟ್ಟ ಹೆಸರು ಪಡೆಯುತ್ತದೆ.

ಇದೆಲ್ಲ ದೊಡ್ಡವರ ಕೆಲಸ, ನಾವೇನು ಮಾಡಬಹುದು ಎಂದು ನೀವು ಕೇಳಬಹುದು. ನೀವು ಮಾಡಬಹುದಾದ ಒಂದು ಕೆಲಸವಿದೆ. ಲೆಕ್ಕದಲ್ಲಿ ಬಿಟ್ಟುಹೋದವರನ್ನು ನೀವು ಎಣಿಸಬಹುದು. ಶಿಕ್ಷಕರ ಜೊತೆಗೆ ನಿಮ್ಮ ಶಾಲೆಯ ಮುಂದಿನ ಬೀದಿಯ ಬದಿಯಲ್ಲಿ, ಸುರಕ್ಷಿತವಾದ ಜಾಗದಲ್ಲಿ ಒಂದು ಗಂಟೆ ಕುಳಿತುಕೊಳ್ಳಿರಿ. ರೈಲು ಹಳಿಯ ಹತ್ತಿರ ಮಾತ್ರ ಹೋಗಬೇಡಿರಿ. ಕಾಗದದ ಮೇಲೆ ಎರಡು ಅಂಕಣ ಬರೆಯಿರಿ. ಒಂದರಲ್ಲಿ ವಾಹನಗಳು, ಇನ್ನೊಂದರಲ್ಲಿ ನಡೆದು ಹೋಗುವವರು. ನಡೆಯುವವರಲ್ಲಿ ಮಕ್ಕಳೆಷ್ಟು, ಮುದುಕರೆಷ್ಟು, ಹೊರೆ ಹೊತ್ತವರೆಷ್ಟು ಎಂದೂ ಗುರುತಿಸಿರಿ. ಕಾಲುದಾರಿ ಎಲ್ಲಿ ಒಡೆದಿದೆ, ನೆರಳು ಎಲ್ಲಿದೆ, ಕುಳಿತುಕೊಳ್ಳಲು ಜಾಗವಿದೆಯೇ ಎಂದು ನೋಡಿರಿ. ಬಂದ ಅಂಕಿಗಳನ್ನು ತರಗತಿಯ ಗೋಡೆಯ ಮೇಲೆ ಹಾಕಿರಿ. ಅನಂತರ ಎಲ್ಲರೂ ಸೇರಿ ನಿಮ್ಮ ಪಂಚಾಯಿತಿಗೆ ಅಥವಾ ಮಹಾನಗರಪಾಲಿಕೆಗೆ ಒಂದು ಪತ್ರ ಬರೆಯಿರಿ. ಪತ್ರದಲ್ಲಿ ದೂರು ಮಾತ್ರ ಇದ್ದರೆ ಸಾಲದು. ಎಣಿಸಿದ ಅಂಕಿಗಳೂ ಇರಲಿ, ಏನು ಬೇಕೆಂಬುದೂ ಇರಲಿ. ಅಂಕಿಗಳಿರುವ ಪತ್ರವನ್ನು ಬದಿಗಿಡುವುದು ಅಷ್ಟು ಸುಲಭವಲ್ಲ.

ಮಕ್ಕಳೇ, ರಸ್ತೆಗಳನ್ನು ಕಟ್ಟುವುದು ಎಲ್ಲರೂ ಕೊಡುವ ತೆರಿಗೆಯ ಹಣದಿಂದ. ಬೆಂಕಿಪೊಟ್ಟಣ ಕೊಳ್ಳುವ ಅಜ್ಜಿಯೂ ತೆರಿಗೆ ಕೊಡುತ್ತಾಳೆ. ಕಾರು ಇದ್ದವರಿಗೆ ಬೀದಿಯಲ್ಲಿ ಎಷ್ಟು ಹಕ್ಕು ಇದೆಯೋ ಕಾಲು ಮಾತ್ರ ಇದ್ದವರಿಗೂ ಅಷ್ಟೇ ಹಕ್ಕು ಇದೆ. ವಾಹನಗಳಿಗೆ ಸೇತುವೆ ಕೊಟ್ಟ ಊರು ನಡೆಯುವವರಿಗೆ ಒಂದು ದಾರಿಯನ್ನೂ, ನೆರಳಿರುವ ಒಂದು ತುಂಡು ಬೀದಿಯನ್ನೂ ಕೊಡಬಾರದೇ? ನಿಮ್ಮ ತರಗತಿಯಲ್ಲಿ ಈ ವಿಷಯವನ್ನು ಚರ್ಚಿಸಿರಿ. ನನ್ನ ಮಾತು ಸರಿ ಎನಿಸಿದರೆ ಏಕೆ ಸರಿ ಎಂದು ಹೇಳಿರಿ. ತಪ್ಪೆನಿಸಿದರೆ ಏಕೆ ತಪ್ಪು ಎಂದೂ ಹೇಳಿರಿ. ಆದರೆ ಹೇಳುವ ಮೊದಲು ಬೀದಿಗೆ ಹೋಗಿ ಎಣಿಸಿ ಬನ್ನಿರಿ.